ಹೆರಿಗೆಯಾದ ನಲವತ್ತೆರಡನೆಯ ದಿನದ ನಂತರ ಆ ತಾಯಿಯನ್ನು ಕೇಳುವವರು ಯಾರು?

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಯುರೋಪಿನ ರೋಮಾ ಸಮುದಾಯದ ಹೆಣ್ಣುಮಕ್ಕಳು ಎಳೆಯ ವಯಸ್ಸಿನಲ್ಲೇ ತಾಯಂದಿರಾಗುವುದರ ಬಗ್ಗೆ ಈಚೆಗೆ ತಮ್ಮ ಪತ್ರಿಕೆಯಲ್ಲಿ ಬಂದ ಬರಹವನ್ನು ಓದಿದೆ. ಅದೇ ಬರಹವನ್ನು ಓದಿದ ನಮ್ಮ ಬೀದಿಯ ಹಿರಿಯರೊಬ್ಬರು, ‘ಅಲೆಮಾರಿ ಜನ, ಅವರ ಪದ್ಧತಿಯೇ ಹಾಗೆ, ಯಾರೇನು ಮಾಡೋಕಾಗುತ್ತೆ’ ಎಂದು ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಹುಣಸೂರು ತಾಲ್ಲೂಕಿನ ಹಳ್ಳಿಗಳಲ್ಲಿ 1988ರಿಂದ 2019ರವರೆಗೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ, ಊರವರ ಬಾಯಲ್ಲಿ ‘ನರ್ಸಮ್ಮ’ನಾಗಿ ದುಡಿದು ನಿವೃತ್ತಳಾದ ನನಗೆ ಆ ಮಾತನ್ನು ಕೇಳಿ ಸುಮ್ಮನಿರಲಾಗಲಿಲ್ಲ. ‘ಅವರ ಪದ್ಧತಿ’ ಎಂಬ ಮಾತಿನ ಹಿಂದೆ ಮರೆಯಾಗಿ ಹೋಗುವ ಹೆಂಗಸರನ್ನು ನಾನು ಯುರೋಪಿಗೆ ಹೋಗಿ ನೋಡಿದವಳಲ್ಲ. ಇಲ್ಲೇ ಲಕ್ಷ್ಮಣತೀರ್ಥ ಹೊಳೆಯ ಆಚೀಚೆಯ ಊರುಗಳಲ್ಲಿ, ಎಲ್ಲ ಜಾತಿಯವರ ಮನೆಗಳಲ್ಲೂ ನೋಡಿದ್ದೇನೆ.

ಮೊದಲು ರೋಮಾ ಜನರ ವಿಷಯವನ್ನೇ ಹೇಳುತ್ತೇನೆ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರೆಂದು ವಿದ್ವಾಂಸರು ಗುರುತಿಸಿರುವ ಈ ಜನ ಇಂದು ಯುರೋಪಿನಲ್ಲಿ ಒಂದು ಕೋಟಿಗೂ ಮೇಲ್ಪಟ್ಟಿದ್ದಾರೆಂದು ಅಂದಾಜು. ಅವರ ಮಾತಿನಲ್ಲಿ ನೀರಿಗೆ ‘ಪಾನಿ’, ಮೂಗಿಗೆ ‘ನಾಕ್’, ಮನುಷ್ಯನಿಗೆ ‘ಮನುಷ್’. ಅಲೆಮಾರಿಗಳೆಂಬ ಹೆಸರು ಅಂಟಿಕೊಂಡಿದ್ದರೂ ಅವರಲ್ಲಿ ಬಹುಪಾಲು ಮಂದಿ ತಲೆಮಾರುಗಳಿಂದ ಒಂದೆಡೆ ನೆಲೆ ನಿಂತವರು. ನೆಲೆ ಸಿಕ್ಕಿದ್ದು ಮಾತ್ರ ಹೆಚ್ಚಾಗಿ ಊರಂಚಿನಲ್ಲಿ. ಈಗಿನ ರೊಮೇನಿಯಾದ ಕಡೆಯ ಮೊಲ್ಡಾವಿಯಾ ಮತ್ತು ವಲಾಕಿಯಾ ಸಂಸ್ಥಾನಗಳಲ್ಲಿ 1855–56ರವರೆಗೂ ಅವರು ಕೊಂಡು ಮಾರುವ ಗುಲಾಮರಾಗಿದ್ದರು. ಚೆಕ್ ದೇಶದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರಿಗೆಂದು ಇದ್ದ ವಿಶೇಷ ಶಾಲೆಗಳಿಗೆ ಸೇರಿಸುತ್ತಿದ್ದುದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ ತೀರ್ಪು ಕೊಟ್ಟಿತು. ಶಾಲೆಯಲ್ಲಿ ಕಲಿಯುವುದಕ್ಕೇನೂ ಇಲ್ಲ, ಕಲಿತರೂ ಕೆಲಸವಿಲ್ಲ ಎಂದಾದಾಗ ಹದಿನೈದರ ಮಗಳನ್ನು ಮನೆಯಲ್ಲಿ ಇಟ್ಟುಕೊಂಡ ತಂದೆತಾಯಿಗೆ ಮದುವೆಯೊಂದೇ ಭದ್ರತೆಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಸರ್ಬಿಯಾದ ರೋಮಾ ವಸತಿಗಳಲ್ಲಿ 20ರಿಂದ 24 ವರ್ಷದ ಹೆಂಗಸರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ 18 ತುಂಬುವ ಮುಂಚೆ ಮದುವೆಯಾದವರೆಂದು ಯುನಿಸೆಫ್ ನೆರವಿನ ಸಮೀಕ್ಷೆ ತೋರಿಸಿದೆ. ಎಲ್ಲರೂ ಎತ್ತಿ ಆಡುವುದು ಈ ಅಂಕಿಯನ್ನೇ. ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು. ಯುರೋಪಿಯನ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2021ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಆ ದೇಶಗಳ ಉಳಿದ ಹೆಂಗಸರಿಗಿಂತ ರೋಮಾ ಹೆಂಗಸರು ಸರಾಸರಿ 11 ವರ್ಷ ಮೊದಲೇ ಸಾಯುತ್ತಾರೆ.

ಈ 11 ವರ್ಷಕ್ಕೆ ಎಳೆಯ ತಾಯ್ತನವೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಒದ್ದೆ ಗೋಡೆಯ ಮನೆ, ದೂರದ ನೀರು, ಹೆಸರು ಕೇಳಿದ ಕೂಡಲೇ ಕೆಲಸ ಇಲ್ಲವೆನ್ನುವ ಪೇಟೆ, ಆಸ್ಪತ್ರೆಯಲ್ಲಿ ಮುಖ ಸಿಂಡರಿಸುವವರು, ಎಲ್ಲವೂ ಸೇರಿ ಆಯಸ್ಸನ್ನು ತಿನ್ನುತ್ತವೆ. ಆದರೆ ಬೇಗ ತಾಯಿಯಾದವಳ ವಿಷಯದಲ್ಲಿ ಅಲ್ಲೂ ಇಲ್ಲೂ ಲೆಕ್ಕಕ್ಕೆ ಬರುವುದು ಎರಡೇ ದಿನ. ಒಂದು ಮದುವೆಯ ದಿನ, ಇನ್ನೊಂದು ಹೆರಿಗೆಯ ದಿನ. ಮದುವೆಯನ್ನು ತಡೆದರೆ ಸುದ್ದಿ. ಹೆರಿಗೆಯಲ್ಲಿ ಸತ್ತರೆ ವರದಿ. ಮದುವೆಯೂ ನಡೆದು, ಹೆರಿಗೆಯಲ್ಲೂ ಬದುಕಿ ಉಳಿದವಳು ಮುಂದಿನ ನಲವತ್ತು ವರ್ಷ ಎಂಥ ಮೈಯನ್ನು ಹೊತ್ತು ಬದುಕಿದಳು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಈ ಪತ್ರ ಆ ನಲವತ್ತು ವರ್ಷಗಳ ಬಗ್ಗೆ.

2001ರ ಶ್ರಾವಣದ ಸುಮಾರಿಗೆ, ನಮ್ಮ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಿಗೆ ಬೆಂಕಿ ಹಾಕುವ ಕಾಲದಲ್ಲಿ, ಒಂದು ಬ್ಯಾರನ್ ಮುಂದೆ ಹೆಂಗಸರ ಜೊತೆ ಕುಳಿತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಒಬ್ಬ ಬಸುರಿ ಹುಡುಗಿಯನ್ನು ಕಂಡೆ. ಸೊಪ್ಪಿನ ಅಂಟಿನಿಂದ ಅವಳ ಬೆರಳುಗಳು ಕಪ್ಪಗಾಗಿದ್ದವು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದಷ್ಟು ಬಿಳುಪು. ರಕ್ತದಲ್ಲಿ ಹಿಮೋಗ್ಲೋಬಿನ್ 7 ಗ್ರಾಂ ಇತ್ತು. ಬಸುರಿಯಲ್ಲಿ ಅದು 11ಕ್ಕಿಂತ ಕಡಿಮೆಯಾದರೇ ರಕ್ತಹೀನತೆ. ‘ತಲೆ ಸಿಡೀತದೆ ಕಣಕ್ಕ, ಕಣ್ಣು ಮಂಜಾಯ್ತದೆ’ ಎಂದಳು. ವಯಸ್ಸು ಕೇಳಿದ್ದಕ್ಕೆ ಅವಳು ‘ಹದಿನಾರು’ ಎನ್ನುವಷ್ಟರಲ್ಲಿ ಅತ್ತೆ ಅಡ್ಡ ಬಂದು, ‘ಹತ್ತೊಂಬತ್ತು ಅಂತ ಬರ್ಕಳಿ ನರ್ಸಮ್ಮ, ಇಲ್ದಿದ್ರೆ ತೊಂದ್ರೆ ಆಯ್ತದೆ’ ಎಂದರು. ನಾನು ಹತ್ತೊಂಬತ್ತು ಎಂದೇ ಬರೆದುಕೊಂಡೆ. ಹುಡುಗಿಯನ್ನು ಆಸ್ಪತ್ರೆಗೆ ಸಾಗಿಸುವುದು ಮುಖ್ಯ, ವಯಸ್ಸಿನ ಜಗಳಕ್ಕೆ ನಿಂತರೆ ಮನೆಯವರು ಕಳಿಸಲಿಕ್ಕಿಲ್ಲ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆರು ದಿನಗಳ ನಂತರ ಅವಳಿಗೆ ಸೆಳವು ಬಂದು, ಬಾಡಿಗೆ ಜೀಪಿನಲ್ಲಿ ಮೈಸೂರಿಗೆ ಕರೆದೊಯ್ದು, ಎರಡು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದವಳು ಬದುಕಿ ಬಂದಳು. ‘ಹೆರಿಗೆ ಅಂದ್ರೆ ಹೆಣ್ಣಿಗೆ ಮರುಹುಟ್ಟು’ ಎಂದು ಊರವರು ಸಂತೋಷಪಟ್ಟರು. ನಮ್ಮ ಪುಸ್ತಕದಲ್ಲೂ ‘ತಾಯಿ, ಮಗು ಕ್ಷೇಮ’ ಎಂದು ದಾಖಲಾಯಿತು.

ಕ್ಷೇಮ ಎಂಬ ಆ ಶಬ್ದ ಎಷ್ಟು ಅಪೂರ್ಣವಾದದ್ದು ಎಂಬುದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಮೈನೆರೆದ ಮಾತ್ರಕ್ಕೆ ಹುಡುಗಿಯ ಬೆಳವಣಿಗೆ ಮುಗಿಯುವುದಿಲ್ಲ. ಸೊಂಟದ ಮೂಳೆಗೂಡು ಅಗಲವಾಗುವುದು ಆಮೇಲೂ ಕೆಲವು ವರ್ಷ ನಡೆದಿರುತ್ತದೆ. ಮೂಳೆ ಗಟ್ಟಿಯಾಗುವುದು ಇಪ್ಪತ್ತು ದಾಟಿದ ಮೇಲೂ ಸಾಗುತ್ತದೆ. ಒಂದು ಬಸಿರಿಗೆ ಸುಮಾರು 1000 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ತನ್ನ ಬೆಳವಣಿಗೆಗೇ ಕಬ್ಬಿಣ ಸಾಲದ, ತಿಂಗಳ ಮುಟ್ಟಿನಲ್ಲಿ ಇದ್ದದ್ದನ್ನೂ ಕಳೆದುಕೊಳ್ಳುವ ಹದಿನಾರರ ಹುಡುಗಿ ಅದನ್ನು ಎಲ್ಲಿಂದ ತರಬೇಕು? ಮಗು ತನ್ನ ಪಾಲನ್ನು ತಾಯಿಯ ಮೈಯಿಂದಲೇ ತೆಗೆದುಕೊಳ್ಳುತ್ತದೆ. ಎರಡು ವರ್ಷ ಕಳೆಯುವುದರೊಳಗೆ ಇನ್ನೊಂದು ಬಸಿರಾದರೆ ತೆಗೆದದ್ದು ತುಂಬುವ ಮೊದಲೇ ಮತ್ತೆ ತೆಗೆದಂತೆ. ಸೊಂಟ ಕಿರಿದಾಗಿ ಹೆರಿಗೆ ದಿನಗಟ್ಟಲೆ ಸಿಕ್ಕಿಕೊಂಡರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದು ಮೂತ್ರ ಸದಾ ಸೋರುವ ಸ್ಥಿತಿ ಬರಬಹುದು. ಹೆರಿಗೆಯ ಮೇಲೆ ಹೆರಿಗೆಯಾಗಿ, ಬಾಣಂತನ ಮುಗಿಯುವ ಮೊದಲೇ ನೀರು, ಹುಲ್ಲಿನ ಹೊರೆ ಹೊತ್ತವರಲ್ಲಿ ಗರ್ಭಕೋಶ ಜಾರುತ್ತದೆ. ‘ಕೆಳಗೆ ಏನೋ ಇಳಿದಂಗಾಯ್ತದೆ’ ಎಂದು ಗಂಡನಿಗೂ ಹೇಳಿಕೊಳ್ಳಲಾಗದೆ ಹತ್ತು ಹನ್ನೆರಡು ವರ್ಷ ಬಟ್ಟೆ ಒತ್ತಿಕೊಂಡೇ ಗದ್ದೆ ಕೆಲಸ ಮಾಡಿದವರನ್ನು ನಾನು ಬಲ್ಲೆ. ಮೊದಲ ಹೆರಿಗೆ ಎಷ್ಟು ಬೇಗನೋ, ಹೆರಿಗೆಗಳು ಎಷ್ಟು ಹೆಚ್ಚೋ, ಗರ್ಭಕೊರಳಿನ ಕ್ಯಾನ್ಸರಿನ ಅಪಾಯವೂ ಅಷ್ಟು ಹೆಚ್ಚು.

ಇನ್ನು ಬಸಿರಿನಲ್ಲಿ ರಕ್ತದೊತ್ತಡ ಏರಿ ಬರುವ ನಂಜಿನ ವಿಷಯ. ಆ ಹುಡುಗಿಗೆ ಸೆಳವು ಬಂದದ್ದು ಅದರಿಂದಲೇ. ಹೆರಿಗೆಯಾದ ಕೂಡಲೇ ಅದು ಹೋಯಿತೆಂದು ನಾವೆಲ್ಲ ತಿಳಿದಿದ್ದೆವು. ಹಾಗಲ್ಲ. ಬಸಿರಿನಲ್ಲಿ ನಂಜಾದ ಹೆಂಗಸಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ನಂಜು ಹೆಚ್ಚಾಗಿ ಕಾಡುವುದು ಚೊಚ್ಚಲ ಬಸಿರಿನಲ್ಲಿ, ಅದರಲ್ಲೂ ತೀರ ಎಳೆಯವರಲ್ಲಿ. ಅಂದರೆ ಹದಿನಾರರಲ್ಲಿ ಸೆಳವು ಬಂದು ಉಳಿದ ಹುಡುಗಿಯ ಹೆಸರಿನ ಮುಂದೆ, ಅವಳು ಮೂವತ್ತು, ನಲವತ್ತು, ಐವತ್ತು ದಾಟುವವರೆಗೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ನೋಡಬೇಕೆಂಬ ಗುರುತು ಇರಬೇಕಿತ್ತು. ಅಂಥ ಗುರುತು ಹಾಕಲು ನಮ್ಮ ಪುಸ್ತಕಗಳಲ್ಲಿ ಜಾಗವೇ ಇರಲಿಲ್ಲ.

ಆ ಹುಡುಗಿಗೆ 2004ರಲ್ಲಿ ಎರಡನೆಯ ಮಗು, ಹೆಣ್ಣು, ಹುಟ್ಟಿತು. ಮರುವರ್ಷ ಅವಳನ್ನು ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಕರೆದೊಯ್ದವಳು ನಾನೇ. ನಾನು 2001ರಲ್ಲಿ ಬರೆದ ಸುಳ್ಳು ವಯಸ್ಸು ಆಗ ದಾರಿ ಸಲೀಸು ಮಾಡಿಕೊಟ್ಟಿತು. ಪುಸ್ತಕದಲ್ಲಿ ಅವಳಿಗೆ 23 ಆಗಿತ್ತು, ನಿಜದಲ್ಲಿ 20. ಶಾಲೆಯ ಜಗಲಿಯ ಮೇಲೆ ಜಮಖಾನ ಹಾಸಿ ಸಾಲಾಗಿ ಮಲಗಿಸಿದ್ದರು. ಇಷ್ಟು ಜನರನ್ನು ತರಲೇಬೇಕೆಂಬ ಗುರಿಯನ್ನು ಕೇಂದ್ರ ಸರ್ಕಾರ 1996ರಲ್ಲೇ ಕೈಬಿಟ್ಟಿದ್ದರೂ, ನಾನು ದುಡಿದ ಕಡೆ ತಿಂಗಳ ಸಭೆಯಲ್ಲಿ ‘ಎಷ್ಟು ಕೇಸು ತಂದಿರಿ’ ಎಂಬ ಪ್ರಶ್ನೆ ನಿಂತಿರಲಿಲ್ಲ. ಗಂಡನಿಗೆ ಮಾಡಿಸುವ ಮಾತನ್ನು ನಾನು ಎತ್ತಲೂ ಇಲ್ಲ. ನಡುವೆ ಅಂತರ ಕೊಡುವ ಬೇರೆ ವಿಧಾನಗಳನ್ನು ಅವಳಿಗೆ ಸರಿಯಾಗಿ ತಿಳಿಸಿದೆನೆಂದು ಇಂದು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ. ಇಪ್ಪತ್ತರ ಹುಡುಗಿಯ ಮುಂದೆ ಹಾಳೆ ಹಿಡಿದು ಹೆಬ್ಬೆಟ್ಟು ಒತ್ತಿಸಿದ್ದೆ. ಅದರಲ್ಲಿ ಏನಿತ್ತೆಂದು ಓದಿ ಹೇಳುವಷ್ಟು ಸಮಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಇದನ್ನು ಬರೆಯುವಾಗ ಸ್ಲೊವಾಕಿಯಾದ ಒಬ್ಬ ರೋಮಾ ಹೆಣ್ಣುಮಗಳ ಮೊಕದ್ದಮೆ ನೆನಪಾಗುತ್ತದೆ. 2000ದಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಎರಡನೆಯ ಹೆರಿಗೆಗೆ ನೋವು ತಿನ್ನುತ್ತಿದ್ದಾಗ, ಇನ್ನೊಂದು ಮಗುವಾದರೆ ನೀನಾದರೂ ಮಗುವಾದರೂ ಸಾಯುವಿರಿ ಎಂದು ಹೇಳಿ, ಸಂತಾನಹರಣಕ್ಕೆ ಒಪ್ಪಿದ್ದೇನೆಂಬ ಕಾಗದಕ್ಕೆ ಆಕೆಯ ಸಹಿ ಹಾಕಿಸಿಕೊಂಡರು. ಅವಳ ವೈದ್ಯಕೀಯ ದಾಖಲೆಯಲ್ಲಿ ‘ರೋಗಿ ರೋಮಾ ಮೂಲದವಳು’ ಎಂದು ಬರೆದಿತ್ತು. ಹನ್ನೊಂದು ವರ್ಷದ ನಂತರ, 2011ರ ನವೆಂಬರ್‌ನಲ್ಲಿ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದನ್ನು ಅಮಾನವೀಯ ನಡವಳಿಕೆಯೆಂದು ಕರೆದು ಆಕೆಗೆ ನ್ಯಾಯ ಕೊಟ್ಟಿತು. ಚೆಕ್ ದೇಶವು 1966ರಿಂದ 2012ರವರೆಗೆ ಹೀಗೆ ಕಾನೂನುಬಾಹಿರವಾಗಿ ಸಂತಾನಹರಣಕ್ಕೆ ಒಳಗಾದವರಿಗೆ ತಲಾ 3 ಲಕ್ಷ ಕೊರೂನಾ (ಅಲ್ಲಿನ ನಾಣ್ಯ) ಪರಿಹಾರ ಕೊಡುವ ಕಾನೂನನ್ನು 2021ರಲ್ಲಿ ಮಾಡಿತು. ಅವರಲ್ಲಿ ಬಹಳ ಮಂದಿ ರೋಮಾ ಹೆಂಗಸರು. ನಮ್ಮಲ್ಲೂ ಛತ್ತೀಸಗಡದ ಬಿಲಾಸಪುರದ ಸಂತಾನಹರಣ ಶಿಬಿರದಲ್ಲಿ 2014ರ ನವೆಂಬರ್‌ನಲ್ಲಿ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತ ಮೇಲೆ, 2016ರಲ್ಲಿ ನಮ್ಮ ಸುಪ್ರೀಂ ಕೋರ್ಟು ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನೇ ನಿಲ್ಲಿಸಬೇಕೆಂದು ಹೇಳಿತು. ನನ್ನ ಊರಿನ ಹುಡುಗಿಗೆ ಯಾರೂ ಬೆದರಿಕೆ ಹಾಕಲಿಲ್ಲ, ನಿಜ. ಆದರೆ ತಿಳಿದು ಒಪ್ಪಿದಳೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಬೇಗ ಮದುವೆ, ಬೇಗ ಹೆರಿಗೆ, ಬೇಗ ‘ಆಪರೇಷನ್’. ಇಪ್ಪತ್ತೊಂದಕ್ಕೆಲ್ಲ ಆರೋಗ್ಯ ಇಲಾಖೆಗೆ ಆ ಹೆಣ್ಣಿನ ಹತ್ತಿರ ಬರಲು ಕೆಲಸವೇ ಉಳಿದಿರುವುದಿಲ್ಲ. ಬಿಳಿಸೆರಗು, ಹೊಟ್ಟೆನೋವು, ಸೊಂಟನೋವು ಎಂದು ಅವಳು ತಾನಾಗಿ ಹೋದರೆ ಪೇಟೆಯ ಖಾಸಗಿ ನರ್ಸಿಂಗ್ ಹೋಮಿನಲ್ಲಿ ‘ಮಕ್ಕಳು ಆಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗಬಹುದು’ ಎನ್ನುತ್ತಾರೆ. ನಾನು ಹೇಳುತ್ತಿರುವ ಹೆಂಗಸಿಗೆ 31ನೆಯ ವಯಸ್ಸಿನಲ್ಲಿ ಆದದ್ದು ಅದೇ. ಔಷಧದಲ್ಲಿ ವಾಸಿಯಾಗಬಹುದಾಗಿದ್ದ ಸೋಂಕಿಗೆ ಗರ್ಭಕೋಶದ ಜೊತೆ ಅಂಡಾಶಯಗಳೂ ಹೋದವು. ಅಲ್ಲಿಗೆ ಮುಟ್ಟು ನಿಂತು, ಐವತ್ತರ ಹತ್ತಿರ ಬರಬೇಕಾದ ಮೈಬಿಸಿ, ನಿದ್ದೆಗೇಡು, ಮೂಳೆ ಸವೆತಗಳು ಮೂವತ್ತೆರಡಕ್ಕೇ ಬಂದವು. ಒಂದು ಹಸು ಮಾರಿ, ಉಳಿದದ್ದಕ್ಕೆ ಸಂಘದಲ್ಲಿ ಸಾಲ ತೆಗೆದಿದ್ದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಆ ಆದೇಶ ಏನಾಗಿದೆ ಎಂಬುದನ್ನು ತಮ್ಮ ವರದಿಗಾರರು ಜಿಲ್ಲೆಯ ಆರೋಗ್ಯಾಧಿಕಾರಿಗಳನ್ನು ಕೇಳಿ ಬರೆದರೆ ಉಪಕಾರವಾಗುತ್ತದೆ.

‘ಪದ್ಧತಿ’ಯ ಮಾತಿಗೆ ಮರಳುತ್ತೇನೆ. ನಮ್ಮ ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಅವರ ವಾಗ್ರಿ ಮಾತು ಗುಜರಾತಿಗೆ ಹತ್ತಿರದ್ದು. ಹಕ್ಕಿ ಹಿಡಿಯುವ ಕಸುಬು 1972ರ ವನ್ಯಜೀವಿ ಕಾಯ್ದೆಯ ನಂತರ ಅಪರಾಧವಾದ ಮೇಲೆ ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತ ಊರೂರು ತಿರುಗಿ, ಆಫ್ರಿಕದ ದೇಶಗಳವರೆಗೆ ಹೋಗಿಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕದನದ ನಡುವೆ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಾಗಲೇ ಬಹಳ ಮಂದಿಗೆ ಈ ಸಮುದಾಯದ ಹೆಸರು ತಿಳಿದದ್ದು. ರೋಮಾಗಳಿಗೂ ಇವರಿಗೂ ನೆಂಟಸ್ತಿಕೆ ಹಚ್ಚುವ ಉದ್ದೇಶ ನನಗಿಲ್ಲ. ಆದರೆ ಎರಡು ವರ್ಷ ಆ ಕಡೆಯ ಕೆಲಸ ನನ್ನ ಪಾಲಿಗೆ ಬಂದಾಗ ಒಂದು ವಿಷಯ ಕಣ್ಣಾರೆ ಕಂಡೆ. ಒಬ್ಬ ಬಸುರಿ ಮೂರು ತಿಂಗಳಲ್ಲಿ ಹೆಸರು ಬರೆಸಿ, ವ್ಯಾಪಾರಕ್ಕೆಂದು ಮನೆಯವರ ಜೊತೆ ಹೋಗಿ, ಎಂಟು ತಿಂಗಳಲ್ಲಿ ಮರಳಿದ್ದಳು. ಅವಳನ್ನು ತಪಾಸಣೆಗೆ ಕರೆದುಕೊಂಡು ಹೋದಾಗ, ‘ಇವರು ಹೇಳಿದರೆ ಕೇಳುವ ಜನವಲ್ಲ’ ಎಂದು ಅಲ್ಲಿದ್ದವರು ಅವಳ ಎದುರಿಗೇ ಕನ್ನಡದಲ್ಲಿ ಹೇಳಿದರು. ಅವಳಿಗೆ ಕನ್ನಡ ನನ್ನಷ್ಟೇ ಚೆನ್ನಾಗಿ ಬರುತ್ತಿತ್ತು. ತಲೆ ತಗ್ಗಿಸಿ ಕೇಳಿಸಿಕೊಂಡಳು, ಮುಂದಿನ ತಪಾಸಣೆಗೆ ಬರಲಿಲ್ಲ. ಆಗ ‘ನೋಡಿ, ಹೇಳಿದ್ದೆ ತಾನೇ’ ಎಂಬ ಮಾತೂ ಬಂತು.

ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ನೂರಕ್ಕೆ 21.3 ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು 21.4. ನಡುವಿನ ವರ್ಷಗಳಲ್ಲಿ ಅದು ಅಲುಗಿಲ್ಲ ಎಂದೇ ಹೇಳಬೇಕು. 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇರುವವರು ನೂರಕ್ಕೆ 47.8. ಐದರಲ್ಲಿ ಒಬ್ಬ ಹುಡುಗಿ ಎಂದರೆ ಅದು ಯಾವುದೋ ಒಂದು ಅಲೆಮಾರಿ ಸಮುದಾಯದ ಲೆಕ್ಕವಾಗಲು ಸಾಧ್ಯವಿಲ್ಲ. ಹತ್ತನೇ ತರಗತಿ ಫೇಲಾದಳು, ಕಾಲೇಜಿಗೆ ಬಸ್ಸಿಲ್ಲ, ಅಜ್ಜಿ ಕಣ್ಣು ಮುಚ್ಚುವ ಮೊದಲು ಸೋದರಮಾವನಿಗೆ ಕೊಟ್ಟುಬಿಡೋಣ, ಅಣ್ಣನ ಮದುವೆಯ ಚಪ್ಪರದಲ್ಲೇ ಇದೂ ಆಗಲಿ, ಖರ್ಚು ಉಳಿಯುತ್ತದೆ: ಈ ಮಾತುಗಳನ್ನು ನಾನು ಹೊಲ, ಮನೆ, ಮಾನ ಎಲ್ಲ ಇದ್ದವರ ಪಡಸಾಲೆಯಲ್ಲೂ ಕೇಳಿದ್ದೇನೆ. ಬಡವರ ಮನೆಯಲ್ಲಿ ನಡೆದರೆ ಪದ್ಧತಿ, ಉಳ್ಳವರ ಮನೆಯಲ್ಲಿ ನಡೆದರೆ ಅನಿವಾರ್ಯ ಎಂದು ನಾವು ಹೆಸರಿಟ್ಟುಕೊಂಡಿದ್ದೇವೆ.

ಕಾನೂನಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಆರಂಭದಿಂದಲೇ ಅಸಿಂಧು. 2012ರ ಪೋಕ್ಸೊ ಕಾಯ್ದೆಯಂತೆ 18ರೊಳಗಿನವಳು ಬಸುರಿಯಾಗಿ ಬಂದರೆ ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ. ಹೆಂಡತಿಯಾದರೂ 18ರೊಳಗಿನವಳ ಜೊತೆಗಿನ ಸಂಪರ್ಕ ಅತ್ಯಾಚಾರವೆಂದು ಸುಪ್ರೀಂ ಕೋರ್ಟು 2017ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ಈ ಕಾನೂನುಗಳು ಬೇಕು, ಸಡಿಲವಾಗಬೇಕೆಂದು ನಾನು ಯಾವತ್ತೂ ಹೇಳಲಾರೆ. ಆದರೆ ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಕಂಡದ್ದನ್ನೂ ಹೇಳಬೇಕು. ಮದುವೆ ತಡೆಯಲು ಆಗದೆ ಹೋದ ಮೇಲೆ, ಬಸುರಿಯಾದ ಹುಡುಗಿಯನ್ನು ಮನೆಯವರು ನಮ್ಮಿಂದಲೇ ಬಚ್ಚಿಡತೊಡಗಿದರು. ನೆಂಟರ ಊರಿಗೆ ಕಳಿಸಿದರು, ಆಧಾರ್‌ನಲ್ಲಿ ವಯಸ್ಸು ತಿದ್ದಿಸಿದರು, ತಾಯಿ ಕಾರ್ಡ್ ಮಾಡಿಸಲಿಲ್ಲ. ಅಂಗನವಾಡಿಯಲ್ಲಿ ಮಾತೃಪೂರ್ಣದ ಊಟಕ್ಕೂ ಅವಳು ಬರಲಿಲ್ಲ, ಪ್ರತಿ ತಿಂಗಳ 9ನೇ ತಾರೀಕಿನ ವೈದ್ಯರ ತಪಾಸಣೆಗೂ ಬರಲಿಲ್ಲ. ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವಳು ಎಲ್ಲರಿಗಿಂತ ಮರೆಯಲ್ಲಿ ಇರುವಂತಾಯಿತು. 18ರೊಳಗಿನವಳು ಗರ್ಭಪಾತಕ್ಕಾಗಿ ಬಂದಾಗ, ಆಕೆಯೂ ಪೋಷಕರೂ ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತನ್ನು ಬಹಿರಂಗಪಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹೆರಲು ಬರುವ ಹುಡುಗಿಯ ವಿಷಯದಲ್ಲೂ, ಮದುವೆ ಮಾಡಿಸಿದ ಹಿರಿಯರ ಮೇಲಿನ ಮೊಕದ್ದಮೆ ಅದರ ಪಾಡಿಗೆ ಅದು ನಡೆದು, ಆಸ್ಪತ್ರೆಯ ಬಾಗಿಲು ಮಾತ್ರ ಅವಳಿಗೆ ಭಯವಿಲ್ಲದೆ ತೆರೆದಿರುವಂಥ ಒಂದು ದಾರಿಯನ್ನು ತಿಳಿದವರು ಕೂತು ಯೋಚಿಸಬೇಕು.

ಯುರೋಪಿನಿಂದ ಕಲಿಯಬೇಕಾದದ್ದೂ ಒಂದಿದೆ. ರೊಮೇನಿಯಾ ದೇಶ 2002ರಿಂದ ರೋಮಾ ಸಮುದಾಯದ ಹೆಂಗಸರನ್ನೇ ಆರಿಸಿ, ತರಬೇತಿ ಕೊಟ್ಟು, ಸಂಬಳದ ಮೇಲೆ ‘ಆರೋಗ್ಯ ಮಧ್ಯವರ್ತಿ’ಗಳನ್ನಾಗಿ ನೇಮಿಸಿತು. ಅವರು ತಮ್ಮವರನ್ನು ವೈದ್ಯರ ಬಳಿಗೆ ಕರೆದೊಯ್ದು ಹೆಸರು ಬರೆಸುತ್ತಾರೆ, ಎರಡು ಕಡೆಯ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತಾರೆ, ವೈದ್ಯರು ಸಿಡುಕಿದರೆ ಪಕ್ಕದಲ್ಲಿ ನಿಂತಿರುತ್ತಾರೆ. ಸರ್ಬಿಯಾ ಮೊದಲಾದ ದೇಶಗಳಲ್ಲೂ ಆ ವ್ಯವಸ್ಥೆ ಬಂದಿದೆ. ನಮ್ಮಲ್ಲಿ 2005ರಿಂದ ಆಶಾ ಕಾರ್ಯಕರ್ತೆಯರಿದ್ದಾರೆ; ಅವರಷ್ಟು ನಡೆಯುವವರನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಂಡಿಲ್ಲ. ಆದರೆ ಬಾಣಂತಿಯ ಮನೆಗೆ ಅವರ ಭೇಟಿ 3, 7, 14, 21, 28 ಮತ್ತು 42ನೇ ದಿನ. ಆಮೇಲಿನ ಭೇಟಿಗಳು ಮಗುವಿಗಾಗಿ. ತಾಯಿಯ ಲೆಕ್ಕ ನಲವತ್ತೆರಡನೆಯ ದಿನಕ್ಕೆ ಮುಗಿಯಿತು. ಮತ್ತೆ ಸರ್ಕಾರ ಅವಳ ರಕ್ತದೊತ್ತಡ, ಸಕ್ಕರೆ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆಗೆ ಕರೆಯುವುದು 30 ತುಂಬಿದ ಮೇಲೆ. ಇಪ್ಪತ್ತೈದಕ್ಕೆ ಹೆತ್ತವಳಿಗೆ ಆ ನಡುವಿನ ಅವಧಿ ಐದು ವರ್ಷ. ಹದಿನಾರಕ್ಕೆ ಹೆತ್ತವಳಿಗೆ ಹದಿನಾಲ್ಕು. ಅವಳ ಮೈ ಸವೆಯುವುದೆಲ್ಲ ಆ ಹದಿನಾಲ್ಕು ವರ್ಷಗಳಲ್ಲಿ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಇಪ್ಪತ್ತರೊಳಗೆ ತಾಯಿಯಾದವಳ ತಾಯಿ ಕಾರ್ಡಿಗೆ ಇನ್ನೊಂದು ಹಾಳೆ ಸೇರಲಿ. ಅದರಲ್ಲಿ ಮೊದಲ ಹೆರಿಗೆಯ ನಿಜವಾದ ವಯಸ್ಸು, ನಂಜು ಬಂದಿತ್ತೇ, ರಕ್ತ ಎಷ್ಟಿತ್ತು ಎಂಬುದಿರಲಿ. ಮುಂದೆ ಮೂವತ್ತಕ್ಕಾಗಿ ಕಾಯದೆ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ರಕ್ತದೊತ್ತಡ, ಸಕ್ಕರೆ ನೋಡಿ ಬರೆಯಲಿ. ಆ ಭೇಟಿಗೂ ಆಶಾ ಕಾರ್ಯಕರ್ತೆಗೆ ಗೌರವಧನ ಸಿಗಲಿ. ಗುರುವಾರ ಮಗುವಿನ ಚುಚ್ಚುಮದ್ದಿಗೆ ತಾಯಿ ಹೇಗೂ ಬರುತ್ತಾಳೆ; ಮಗುವನ್ನು ತೂಗುವಾಗ ತಾಯಿಯ ತೋಳಿಗೂ ಪಟ್ಟಿ ಕಟ್ಟಿ ನೋಡಲು ಐದು ನಿಮಿಷ ಸಾಕು. ಗಿರಿಜನರ ಹಾಡಿ, ಕಾಲೊನಿ, ಪಕ್ಷಿರಾಜಪುರದಂಥ ಕಡೆ ಆ ಜನರೊಳಗಿನ ಹೆಣ್ಣುಮಗಳನ್ನೇ ಈ ಕೆಲಸಕ್ಕೆ ಆರಿಸಲಿ, ಕಲಿಕೆ ಒಂದೆರಡು ತರಗತಿ ಕಡಿಮೆಯಿದ್ದರೂ ಪರವಾಗಿಲ್ಲ. ಮತ್ತು, ದಯವಿಟ್ಟು, ವಯಸ್ಸು ನಿಜ ಹೇಳಿದ್ದಕ್ಕೆ ಹುಡುಗಿ ಬೆಲೆ ತೆರುವಂತಾಗದಿರಲಿ.

ಕಳೆದ ತಿಂಗಳ 9ರಂದು ಪರಿಚಯದ ಒಬ್ಬ ಬಸುರಿಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಸಾಲಿನಲ್ಲಿ ಬ್ಯಾರನ್ ಮುಂದೆ ಕಂಡಿದ್ದ ಆ ಹುಡುಗಿ ಕೂತಿದ್ದಳು. 2004ರಲ್ಲಿ ಹುಟ್ಟಿದ ಮಗಳನ್ನು ಪಿಯುಸಿ ಮುಗಿಸುವವರೆಗೂ ಹಟ ಹಿಡಿದು ಓದಿಸಿ, ಇಪ್ಪತ್ತು ತುಂಬಿದ ಮೇಲೆ ಮದುವೆ ಮಾಡಿ, ಈಗ ಚೊಚ್ಚಲ ಬಸಿರಿನ ತಪಾಸಣೆಗೆ ಕರೆತಂದಿದ್ದಳು. ಮಗಳ ತೋಳಿಗೆ ಪಟ್ಟಿ ಕಟ್ಟಿ ನೋಡಿದ್ದಾಯಿತು, ಚೆನ್ನಾಗಿತ್ತು. ತಾಯಿಯ ಮುಖ ಊದಿದಂತೆ ಕಂಡು, ‘ಸಿಸ್ಟರ್, ಇವಳದ್ದೂ ಒಂದು ಸಲ ನೋಡಮ್ಮ’ ಎಂದೆ. ‘ನಂಗ್ಯಾಕೆ ಬುಡಿ ಅಕ್ಕ, ಬಸುರಿ ಅವಳು’ ಎಂದು ಕೈ ಹಿಂದಕ್ಕೆಳೆದುಕೊಂಡಳು. ನೋಡಿದರೆ 170ಕ್ಕೆ 110. ಎಷ್ಟು ವರ್ಷದಿಂದ ಹಾಗಿತ್ತೋ. ಆಸ್ಪತ್ರೆಯ ಚೀಟಿಯಲ್ಲಿ ವಯಸ್ಸು 43 ಎಂದಿತ್ತು. ಮಾತ್ರೆ ಬರೆಸಿಕೊಂಡು ಹೊರಗೆ ಬಂದ ಮೇಲೆ ಎದುರಿನ ಅಂಗಡಿಯಲ್ಲಿ ಒಂದು ನೋಟುಪುಸ್ತಕ ಕೊಂಡು, ಮೊದಲ ಹಾಳೆಗೆ ಗೆರೆ ಎಳೆದು, ತಾರೀಕು, ರಕ್ತದೊತ್ತಡ, ಮುಂದೆ ಬರಬೇಕಾದ ದಿನ ಬರೆದೆ. ಮೇಲೆ ವಯಸ್ಸು 40, ಮೊದಲ ಹೆರಿಗೆಯ ವಯಸ್ಸು ಎಂದು ಬರೆಯುತ್ತಿದ್ದಾಗ ಅವಳು ಬಗ್ಗಿ ನೋಡಿ, ‘ಹದಿನಾರೇ ಬರೀತೀರಾ ಅಕ್ಕ?’ ಎಂದು ಮೆಲ್ಲಗೆ ಕೇಳಿದಳು. ಹದಿನಾರೇ ಬರೆದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಹುಣಸೂರು ತಾಲ್ಲೂಕು, ಮೈಸೂರು ಜಿಲ್ಲೆ